ಅಪ್‌ಡೇಟ್: ಪಹಣಿ ಚೀಲದಿಂದ ಹೊರಬರಲೇ ಇಲ್ಲ

ಬೆಂಗಳೂರಿನ ಖಾಸಗಿ ವಿಶ್ವವಿದ್ಯಾಲಯವೊಂದರಲ್ಲಿ ಬಿಬಿಎ ಸೀಟು ಸಿಕ್ಕಿದೆ, ವರ್ಷಕ್ಕೆ 2.5 ಲಕ್ಷ ಎಲ್ಲಿಂದ ತರುವುದು ಎಂದು ಕೋಲಾರದಿಂದ ಕೇಳಿದ್ದವಳು ನಾನೇ. ಮೆರಿಟ್ ವಿದ್ಯಾರ್ಥಿವೇತನದ ಸಲಹೆ ಫಲಿಸಲಿಲ್ಲ, ಅಂಕ ಸಾಲಲಿಲ್ಲ. ಕೈ ಹಿಡಿದದ್ದು ಶಿಕ್ಷಣ ಸಾಲಕ್ಕಾಗಿ ಇರುವ ಸರ್ಕಾರಿ ಜಾಲತಾಣ ವಿದ್ಯಾಲಕ್ಷ್ಮಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ ಎಂದವರ ಮಾತು. ಅಪ್ಪ ಟೊಮೆಟೊ ತೋಟದ ಪಹಣಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಬ್ಯಾಂಕಿಗೆ ಬಂದಿದ್ದರು. 7.5 ಲಕ್ಷದವರೆಗೆ ಅಡಮಾನ ಬೇಡ ಎಂದಾಗ ನಂಬದೆ ಎರಡು ಸಲ ಕೇಳಿದರು. ಆದರೆ ಸಾಲ 4 ಲಕ್ಷ ಮೀರಿದ್ದರಿಂದ ಒಟ್ಟು ಖರ್ಚಿನ ಶೇ 5ರಷ್ಟನ್ನು ನಾವೇ ಹಾಕಬೇಕಾಯಿತು.

ನನಗೆ ಗೊತ್ತಿಲ್ಲದಿದ್ದ ಸಂಗತಿ: ಕಂತು ಶುರುವಾಗುವುದು ಓದು ಮುಗಿದು ಒಂದು ವರ್ಷದ ಮೇಲೆ, ಬಡ್ಡಿ ಮಾತ್ರ ಮೊದಲ ದಿನದಿಂದಲೇ ಬೆಳೆಯುತ್ತದೆ. ಆ ಬಡ್ಡಿಯನ್ನು ಈಗಿನಿಂದಲೇ ತೀರಿಸಲು ಅಪ್ಪ ಒಪ್ಪಿದ್ದಾರೆ, ಟೊಮೆಟೊ ಬೆಲೆ ಬಿದ್ದ ತಿಂಗಳು ಬಿಟ್ಟು.