ಗೋಕುಲಂನ ಮೇಲ್ಮಹಡಿ: ಸಂಸಾರಸ್ಥರಿಗೆ ಬಾಡಿಗೆಗೋ, ದಿನದ ಲೆಕ್ಕದ ಅತಿಥಿಗಳಿಗೋ?

ಮಹಡಿಮನೆ (ಪ್ರಶ್ನೆ)

ಮೈಸೂರಿನ ಗೋಕುಲಂ 3ನೇ ಹಂತದಲ್ಲಿ ನಮ್ಮ ತಂದೆಯವರ ಹೆಸರಿನಲ್ಲಿ ಒಂದು ಮನೆಯಿದೆ. ಕೆಳಗೆ ಅಪ್ಪ ಅಮ್ಮ ಇದ್ದಾರೆ. ಮೇಲಿನ ಎರಡು ಮಲಗುವ ಕೋಣೆಗಳ ಮನೆಯಲ್ಲಿ ಆರು ವರ್ಷಗಳಿಂದ ಇದ್ದ ಕುಟುಂಬವು ಮುಂದಿನ ತಿಂಗಳು ಸ್ವಂತ ಮನೆಗೆ ಹೋಗುತ್ತಿದೆ. ತಿಂಗಳಿಗೆ 18,000 ರೂಪಾಯಿ ಬಾಡಿಗೆಯನ್ನು ಅವರು ಒಮ್ಮೆಯೂ ತಡಮಾಡದೆ ಕೊಟ್ಟಿದ್ದಾರೆ. 1,50,000 ರೂಪಾಯಿ ಅಡ್ವಾನ್ಸ್ ಇದೆ.

ಈಗ ಪಕ್ಕದ ಬೀದಿಯವರೊಬ್ಬರು, "ಮಂಚ, ಹಾಸಿಗೆ, ಫ್ರಿಜ್ ಹಾಕಿಸಿ ಏರ್‌ಬಿಎನ್‌ಬಿಯಲ್ಲಿ ಬಿಡಿ, ದಿನಕ್ಕೆ 2,500 ಸಿಗುತ್ತದೆ" ಎಂದು ಅಪ್ಪನ ತಲೆಗೆ ಹಾಕಿದ್ದಾರೆ. ಅಪ್ಪ ಕ್ಯಾಲೆಂಡರಿನ ಹಿಂಬದಿಯಲ್ಲಿ 2,500ನ್ನು 30ರಿಂದ ಗುಣಿಸಿ 75,000 ಎಂದು ಬರೆದು, ಅದರ ಕೆಳಗೆ ಎರಡು ಗೀಟು ಎಳೆದಿದ್ದಾರೆ. ಪೀಠೋಪಕರಣಗಳಿಗೆ ನಾಲ್ಕು ಲಕ್ಷವನ್ನು ನಾನು ಹಾಕಬೇಕಾಗುತ್ತದೆ. ನಾನಿರುವುದು ಬೆಂಗಳೂರಿನಲ್ಲಿ, ಊರಿಗೆ ಬರುವುದು ಎರಡು ವಾರಕ್ಕೊಮ್ಮೆ. ಈ ಬಂಡವಾಳ ಹೂಡುವುದು ಸರಿಯೇ? ತೆರಿಗೆಯ ದೃಷ್ಟಿಯಿಂದ ಯಾವುದು ಮೇಲು? ಅನುಭವವಿರುವವರು ದಯವಿಟ್ಟು ತಿಳಿಸಿ.

ಒಂಟಿಕೊಪ್ಪಲಿನವರು

ನಿಮ್ಮ ಬಡಾವಣೆಯಲ್ಲೇ ನನ್ನ ತಾಯಿಯ ಮನೆಯ ಮೇಲ್ಭಾಗವನ್ನು ನಾನು 2012ರಿಂದ ಹೀಗೆ ಬಿಡುತ್ತಿದ್ದೇನೆ. ಮೊದಲು ಒಂದು ಮಾತು: ನಿಮ್ಮ ತಂದೆಯವರಿಗೆ ಹೇಳಿದ 2,500 ದಸರೆಯ ದರ. ಆ ಹತ್ತು ದಿನ ಅದು ನಿಜವಾಗಿಯೂ ಸಿಗುತ್ತದೆ, ಇನ್ನೂ ಹೆಚ್ಚೂ ಸಿಕ್ಕೀತು. ಜೂನ್ ತಿಂಗಳ ಮಂಗಳವಾರಕ್ಕೆ ಆ ದರವನ್ನು ಹಚ್ಚಿ ನೋಡಬೇಡಿ.

ಗೋಕುಲಂನಲ್ಲಿ ನಿಜವಾಗಿ ಹಣ ತಂದವರು ದಿನದ ಲೆಕ್ಕದ ಪ್ರವಾಸಿಗರಲ್ಲ, ತಿಂಗಳುಗಟ್ಟಲೆ ಇರಲು ಬರುವ ಅಷ್ಟಾಂಗ ಯೋಗದ ವಿದ್ಯಾರ್ಥಿಗಳು. ಆ ಯೋಗದ ಗುರು ಪಟ್ಟಾಭಿ ಜೋಯಿಸರು ಲಕ್ಷ್ಮೀಪುರಂನಿಂದ ಇಲ್ಲಿಗೆ ಬಂದು ದೊಡ್ಡ ಶಾಲೆ ತೆರೆದ ಮೇಲೆ ಸುತ್ತಮುತ್ತಲಿನ ಮಹಡಿಗಳೆಲ್ಲ ಪೀಠೋಪಕರಣ ಸಮೇತದ ಮನೆಗಳಾದವು, ಮೂಲೆಯ ಎಳನೀರಿನವನೂ ಇಂಗ್ಲಿಷ್ ಕಲಿತ. ಆದರೆ ಇಡೀ ಬಡಾವಣೆಯ ಬಾಡಿಗೆ ಒಂದೇ ಬಾಗಿಲನ್ನು ನಂಬಿಕೊಂಡಿತ್ತು. 2020ರ ಮಾರ್ಚ್‌ನಿಂದ 2022ರ ಮಾರ್ಚ್‌ವರೆಗೆ ಹೊರದೇಶಗಳ ನಿಯಮಿತ ವಿಮಾನಗಳೇ ಇರಲಿಲ್ಲ. ಆ ಎರಡು ವರ್ಷ ನನ್ನ ಮನೆಯ ಮಂಚಗಳ ಮೇಲೆ ಹಳೆಯ ಪತ್ರಿಕೆಗಳು ಮಲಗಿದ್ದವು. ಅದಕ್ಕೂ ಮೊದಲೇ ಮೊಮ್ಮಗ ಶರತ್ ಜೋಯಿಸರು ಗೋಕುಲಂನಿಂದ ಹೊರಗೆ ತಮ್ಮದೇ ಕೇಂದ್ರ ಆರಂಭಿಸಿದ್ದರಿಂದ ವಿದ್ಯಾರ್ಥಿಗಳು ಹಂಚಿಹೋಗಿದ್ದರು. 2024ರ ನವೆಂಬರ್‌ನಲ್ಲಿ ಅವರು ಅಮೆರಿಕದಲ್ಲಿ ಅಕಾಲಿಕವಾಗಿ ತೀರಿಕೊಂಡರು. ಪಟ್ಟಾಭಿಯವರ ಮಗಳು ಸರಸ್ವತಿ ಜೋಯಿಸರೂ ಬೇರೆ ಶಿಕ್ಷಕರೂ ಇರುವುದರಿಂದ ಜನ ಈಗಲೂ ಬರುತ್ತಾರೆ. ಆದರೂ ಹಿಂದಿನಂತೆ ಗೇಟಿನ ಮುಂದೆ ನಿಂತು ಮನೆ ಕೇಳುವ ಕಾಲ ನನ್ನ ಬೀದಿಯಲ್ಲಿ ಮುಗಿದಿದೆ.

ನನ್ನ ಕಳೆದ ವರ್ಷದ ಪುಸ್ತಕದಿಂದ ಲೆಕ್ಕ ಕೊಡುತ್ತೇನೆ. ನವೆಂಬರ್‌ನಿಂದ ಮಾರ್ಚ್‌ವರೆಗೆ ಐದು ತಿಂಗಳು ತಲಾ 38,000 ಬಾಡಿಗೆ, ಅಂದರೆ 1,90,000. ಉಳಿದ ಏಳು ತಿಂಗಳಲ್ಲಿ ಅಲ್ಲೊಂದು ಇಲ್ಲೊಂದು ಸೇರಿ 60 ರಾತ್ರಿ, ಸರಾಸರಿ 1,800ರಂತೆ 1,08,000. ಒಟ್ಟು 2,98,000. ಜಾಲತಾಣದ ಕಮಿಷನ್ 16,000, ಗುಡಿಸಿ ಒರೆಸಿ ಬಟ್ಟೆ ಒಗೆಯುವವರಿಗೆ 54,000, ಕರೆಂಟು, ಇಂಟರ್‌ನೆಟ್, ಗ್ಯಾಸ್ ಎಂದು 46,000, ರಿಪೇರಿ ಮತ್ತು ಸುಣ್ಣಬಣ್ಣಕ್ಕೆ 40,000 ಹೋಗಿ ಕೈಗೆ ಉಳಿದದ್ದು 1,42,000. ನಿಮ್ಮ ಸಂಸಾರಸ್ಥರು ವರ್ಷಕ್ಕೆ ಕೊಟ್ಟದ್ದು 2,16,000. ನೀವು ಹಾಕಲಿರುವ ನಾಲ್ಕು ಲಕ್ಷವನ್ನು ಐದು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 80,000 ಆಗುತ್ತದೆ. ಅದನ್ನೂ ಕಳೆದರೆ 62,000. ನಾನು ಇನ್ನೂ ಏಕೆ ನಡೆಸುತ್ತಿದ್ದೇನೆ ಎಂದರೆ, ನನ್ನ ಮಂಚ ಬೀರುಗಳ ಅಸಲು ಎಂದೋ ಬಂದಿದೆ, ಮತ್ತು ನಾನು ನಿವೃತ್ತ.

ರಿಪೇರಿ ಎಂದಾಗ ನಲ್ಲಿ, ಬಲ್ಬು ಎಂದುಕೊಳ್ಳಬೇಡಿ. ಈ ವಿದ್ಯಾರ್ಥಿಗಳಿಗೆ ವಾರದಲ್ಲಿ ಒಂದು ದಿನ ಅಭ್ಯಾಸಕ್ಕೆ ಬಿಡುವು, ಅಂದು ಮೈಗೆ ಹರಳೆಣ್ಣೆ ಹಚ್ಚಿಕೊಂಡು ಸ್ನಾನ ಮಾಡುತ್ತಾರೆ. ಬಚ್ಚಲಿನ ಜಾಲರಿಯಲ್ಲಿ ಆ ಎಣ್ಣೆ ಕೂದಲಿನೊಡನೆ ಸೇರಿ ಅಂಟಿನಂತೆ ಕೂರುತ್ತದೆ. ಎರಡು ತಿಂಗಳಿಗೊಮ್ಮೆ ಪೈಪು ಬಿಚ್ಚಿಸಬೇಕು. ಟವೆಲುಗಳ ಕಮಟು ವಾಸನೆ ಎಷ್ಟು ಒಗೆದರೂ ಹೋಗದು. ಬೆಳಗಿನ ಜಾವ ನಾಲ್ಕೂವರೆಗೆ ಅವರು ಅಭ್ಯಾಸಕ್ಕೆ ಹೊರಟಾಗ ಗೇಟಿನ ಚಿಲಕದ ಸದ್ದಿಗೆ ನನ್ನ ತಾಯಿ ದಿನವೂ ಏಳುತ್ತಿದ್ದರು. ಆ ವಾರದ ಬಿಡುವು ಬಿಟ್ಟರೆ ಅಮಾವಾಸ್ಯೆ, ಹುಣ್ಣಿಮೆಗಳಂದು ಮಾತ್ರ ಅವರಿಗೂ ರಜೆ, ಅಮ್ಮನಿಗೂ ನಿದ್ದೆ.

ಲೆಕ್ಕಪತ್ರ

ತೆರಿಗೆಯ ಪ್ರಶ್ನೆಗೆ ಉತ್ತರಿಸುತ್ತೇನೆ. ಇದು ನನ್ನ ದಿನನಿತ್ಯದ ಕೆಲಸ. ಮನೆ ತಂದೆಯವರ ಹೆಸರಿನಲ್ಲಿ ಇರುವುದರಿಂದ, ಹಣ ನಿಮ್ಮ ಖಾತೆಗೆ ಬಂದರೂ ಬಾಡಿಗೆ ಅವರ ಆದಾಯವೇ. ಸಂಸಾರಸ್ಥರಿಗೆ ಕೊಟ್ಟರೆ ಅದು ಗೃಹ ಆಸ್ತಿಯ ಆದಾಯ. 2,16,000ದಲ್ಲಿ ನಗರಪಾಲಿಕೆಗೆ ಕಟ್ಟಿದ ಕಂದಾಯವನ್ನು ಕಳೆದು, ಉಳಿದದ್ದರಲ್ಲಿ ಶೇ. 30ನ್ನು ಯಾವ ರಸೀದಿಯನ್ನೂ ತೋರಿಸದೆ ಕಳೆಯಬಹುದು; ಕಂದಾಯ 6,000 ಎಂದುಕೊಂಡರೆ ತೆರಿಗೆಗೆ ಒಳಪಡುವುದು 1,47,000 ಮಾತ್ರ. ಅತಿಥಿಗಳಿಗೆ ಹಾಸಿಗೆ, ಶುಚಿ, ಉಪಚಾರಗಳೊಂದಿಗೆ ದಿನದ ಲೆಕ್ಕದಲ್ಲಿ ಕೊಟ್ಟರೆ ಅದು ವ್ಯವಹಾರದ ಆದಾಯದ ಸ್ವರೂಪ ಪಡೆಯುತ್ತದೆ. ಆಗ ಈ ಶೇ. 30 ಇಲ್ಲ, ನಿಜವಾದ ಖರ್ಚು ಮತ್ತು ಪೀಠೋಪಕರಣಗಳ ಸವಕಳಿಯನ್ನು ರಸೀದಿ ಸಮೇತ ತೋರಿಸಬೇಕು.

ಆದರೆ ತಂದೆಯವರ ಪಿಂಚಣಿ, ಬಡ್ಡಿ, ಬಾಡಿಗೆ ಎಲ್ಲ ಸೇರಿ ವರ್ಷಕ್ಕೆ 12 ಲಕ್ಷದೊಳಗೆ ಇದ್ದರೆ, 2025-26ರಿಂದ ಹೊಸ ಪದ್ಧತಿಯಲ್ಲಿ ಅವರಿಗೆ ತೆರಿಗೆಯೇ ಬರುವುದಿಲ್ಲ (ಷೇರು, ನಿವೇಶನ ಮಾರಿದ ಲಾಭದ ಮಾತು ಬೇರೆ). ಹಾಗಿದ್ದಲ್ಲಿ ಯಾವುದು ಮೇಲು ಎಂಬ ಪ್ರಶ್ನೆಯೇ ಬಿದ್ದುಹೋಗುತ್ತದೆ. ತೆರಿಗೆ ಉಳಿಸಲೆಂದು ವ್ಯವಹಾರವನ್ನು ಆರಿಸುವವರನ್ನು ಕಂಡರೆ ನನಗೆ ಸ್ವಲ್ಪ ಕಸಿವಿಸಿ.

ಜಿಎಸ್‌ಟಿಯ ಬಗ್ಗೆ ಹೆದರಬೇಡಿ. ವರ್ಷದ ವಹಿವಾಟು 20 ಲಕ್ಷದೊಳಗಿದ್ದು ನೀವು ನೋಂದಾಯಿಸಿಕೊಳ್ಳದಿದ್ದರೆ, ಜಾಲತಾಣದ ಮೂಲಕ ಬಂದ ಬುಕಿಂಗಿಗೆ ಅದನ್ನು ಕಟ್ಟುವ ಹೊಣೆ ಜಾಲತಾಣದ್ದೇ. ದಿನಕ್ಕೆ 7,500ರವರೆಗಿನ ಕೋಣೆಗೆ ಅದು 2025ರ ಸೆಪ್ಟೆಂಬರ್ 22ರಿಂದ ಶೇ. 5. ಅದಕ್ಕಿಂತ ಮುಖ್ಯವಾದದ್ದು ಬೇರೆ ಇದೆ: ಹೊರದೇಶದವರು ಒಂದೇ ರಾತ್ರಿ ಉಳಿದರೂ 24 ಗಂಟೆಯೊಳಗೆ ಆನ್‌ಲೈನಿನಲ್ಲಿ ಅವರ ವಿವರಗಳ ಫಾರಂ (ಹಿಂದೆ ಸಿ ಫಾರಂ ಎನ್ನುತ್ತಿದ್ದದ್ದು) ತುಂಬಬೇಕು, ಪಾಸ್‌ಪೋರ್ಟ್ ಮತ್ತು ವೀಸಾ ಪ್ರತಿ ಇಟ್ಟುಕೊಳ್ಳಬೇಕು. ಇದು ಖಾಸಗಿ ಮನೆಗೂ ಅನ್ವಯಿಸುತ್ತದೆ. ಹೋಂಸ್ಟೇ ನೋಂದಣಿಯನ್ನು ಪ್ರವಾಸೋದ್ಯಮ ಇಲಾಖೆಯಲ್ಲಿ, ಮೀಟರಿನ ದರವನ್ನು ವಿದ್ಯುತ್ ಕಂಪನಿ ಚೆಸ್ಕಾಂನಲ್ಲಿ ಮೊದಲೇ ವಿಚಾರಿಸಿ. ಮೇಲಿನ ಮನೆಗೆ ಪ್ರತ್ಯೇಕ ಆರ್.ಆರ್. ನಂಬರ್ (ವಿದ್ಯುತ್ ಸಂಪರ್ಕದ ಸಂಖ್ಯೆ) ಇದ್ದರೆ ಗೃಹಜ್ಯೋತಿಯ ಸೌಲಭ್ಯ ಗೃಹಬಳಕೆಗೆ ಮಾತ್ರ ಎಂಬುದು ನೆನಪಿರಲಿ.

ಕೊನೆಗೆ, ಯಾರೂ ಕೇಳದ ಒಂದು ಪ್ರಶ್ನೆ. ಹೋಗುತ್ತಿರುವವರಿಗೆ ಹಿಂದಿರುಗಿಸಬೇಕಾದ ಆ 1,50,000 ಈಗ ಎಲ್ಲಿದೆ?

ಕಾಫಿತೋಟ

ಮಡಿಕೇರಿಯ ಹತ್ತಿರ ನಮ್ಮದೂ ಒಂದು ಹೋಂಸ್ಟೇ ಇದೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ನಮ್ಮ ಮನೆಗೆ ಏನೂ ಆಗಲಿಲ್ಲ, ಆದರೆ ಬುಕಿಂಗುಗಳೆಲ್ಲ ಒಂದೇ ವಾರದಲ್ಲಿ ರದ್ದಾದವು. ತೋಟವಿದ್ದುದರಿಂದ ಬದುಕಿದೆವು, ಸಾಲ ಮಾಡಿ ಕಟ್ಟಿದವರ ಪಾಡು ಬೇರೆಯಾಯಿತು.

ನಾನು ಕೇಳುವುದು ಇಷ್ಟೇ: ರಾತ್ರಿ ಹನ್ನೊಂದಕ್ಕೆ ಗೀಸರ್ ಕೆಟ್ಟಿತೆಂದು ಅತಿಥಿ ಬಾಗಿಲು ಬಡಿದರೆ ಮೆಟ್ಟಿಲು ಹತ್ತುವವರು ಯಾರು? ನೀವು ಬೆಂಗಳೂರಿನಲ್ಲಿ ಇದ್ದೀರಿ. ಆ ಕೆಲಸ ತಾಯಿಯವರ ಮೊಣಕಾಲಿಗೇ ಬರುತ್ತದೆ, ಮತ್ತು ಅದಕ್ಕೆ ಸಂಬಳವನ್ನು ಮೇಲಿನ ಯಾವ ಲೆಕ್ಕದಲ್ಲೂ ಹಿಡಿದಿಲ್ಲ.

ಮಹಡಿಮನೆ

ಎಲ್ಲರಿಗೂ ಕೃತಜ್ಞತೆಗಳು. ಲೆಕ್ಕಪತ್ರ ಅವರ ಪ್ರಶ್ನೆಯನ್ನು ಈ ಶನಿವಾರ ಅಪ್ಪನಿಗೆ ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಅಡ್ವಾನ್ಸಿನ ಹಣ ಮೂರು ವರ್ಷದ ಹಿಂದೆಯೇ ಬೋರ್‌ವೆಲ್ಲಿಗೆ ಹೋಯಿತೆಂದು ಒಪ್ಪಿಕೊಂಡರು. ಆದ್ದರಿಂದ ನನ್ನ ನಾಲ್ಕು ಲಕ್ಷದಲ್ಲಿ ಒಂದೂವರೆ ಮೊದಲು ಅಲ್ಲಿಗೇ ಹೋಗಲಿದೆ. ಗೇಟಿನ ಚಿಲಕದ ಸಂಗತಿಯನ್ನು ಓದಿ ಹೇಳಿದಾಗ ಅಮ್ಮ ಒಳಗಿನಿಂದಲೇ "ಬೇಡ" ಎಂದರು.

ಮಾನಸಗಂಗೋತ್ರಿಯಲ್ಲಿ ಪಾಠ ಮಾಡುವ ದಂಪತಿಗಳು ಭಾನುವಾರ ಮನೆ ನೋಡಿ ಹೋಗಿದ್ದಾರೆ. 20,000 ಬಾಡಿಗೆ, ಒಂದು ಲಕ್ಷ ಅಡ್ವಾನ್ಸ್ ಎಂದು ಮಾತಾಗಿದೆ. ಹನ್ನೊಂದು ತಿಂಗಳ ಕರಾರುಪತ್ರದಲ್ಲಿ, ಬಿಡುವಾಗ ಬಣ್ಣದ ಖರ್ಚೆಂದು ಒಂದು ತಿಂಗಳ ಬಾಡಿಗೆ ಹಿಡಿಯುವ ಮಾತನ್ನು ಬರೆಸಬೇಕೋ, ಬಾಯಿಮಾತಿಗೆ ಬಿಡಬೇಕೋ ಎಂಬುದೊಂದು ಉಳಿದಿದೆ.

ಲೆಕ್ಕಪತ್ರ

ಬರೆಸಿ. ಒಳಗೆ ಬರುವ ದಿನ ಗೋಡೆಗಳ ಫೋಟೋ ತೆಗೆದು ಇಬ್ಬರೂ ಇಟ್ಟುಕೊಳ್ಳಿ, ಮೀಟರ್ ರೀಡಿಂಗ್ ಸಮೇತ. ಈ ಸಲದ ಅಡ್ವಾನ್ಸನ್ನು ತಂದೆಯವರ ಹೆಸರಿನಲ್ಲೇ ಪ್ರತ್ಯೇಕ ಠೇವಣಿ ಮಾಡಿಸಿ, ರಸೀದಿಯನ್ನು ನಿಮ್ಮ ಬಳಿ ಇಟ್ಟುಕೊಳ್ಳಿ.