ಮೈ ತಣ್ಣಗಾಗಿರುವ ಬೆಕ್ಕಿನ ಮರಿಗೆ ಹಾಲು ಕುಡಿಸುವುದು ಹೇಗೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಿನ್ನೆ ಸಂಜೆ ನಮ್ಮ ಮನೆಯ ಹಿಂಬದಿಯ ಮೆಟ್ಟಿಲ ಕೆಳಗೆ ಬೆಕ್ಕಿನ ಮರಿಯೊಂದು ಒಂಟಿಯಾಗಿ ಬಿದ್ದಿತ್ತು. ತಾಯಿ ಬಂದು ಕಚ್ಚಿಕೊಂಡು ಹೋಗಬಹುದೆಂದು ದೂರದಲ್ಲೇ ನಿಂತು ಮೂರು ಗಂಟೆ ಕಾದೆವು. ಕತ್ತಲಾದ ಮೇಲೂ ಅದು ಬರದಿದ್ದಾಗ ಮರಿಯನ್ನು ಒಳಗೆ ತಂದುಕೊಂಡೆವು. ಕಣ್ಣು ತೆರೆದಿದೆ, ಹಲ್ಲು ಮೂಡಿಲ್ಲ, ಕಿವಿ ಇನ್ನೂ ಪೂರ್ತಿ ನೆಟ್ಟಗಾಗಿಲ್ಲ. ಎದ್ದು ನಿಲ್ಲಲು ಹೋದರೆ ಹಿಂಗಾಲು ಜಾರುತ್ತದೆ. ತೂಕ 160 ಗ್ರಾಂ. ರಾತ್ರಿ ಹಸುವಿನ ಹಾಲಿಗೆ ಅರ್ಧಕ್ಕರ್ಧ ನೀರು ಬೆರೆಸಿ ಸಿರಿಂಜಿನಲ್ಲಿ ಕುಡಿಸಿದೆವು. ಕುಡಿಯಿತು, ಆದರೆ ಆಮೇಲೆ ಎರಡು ಸಲ ನೀರಿನಂತೆ ಭೇದಿಯಾಯಿತು.

ಈಗ ಬೆಳಗಿನ ಜಾವ. ರಾತ್ರಿಯೆಲ್ಲ ಕೂಗುತ್ತಿದ್ದ ಮರಿ ಒಂದು ಗಂಟೆಯಿಂದ ಸುಮ್ಮನಾಗಿದೆ. ಬಾಯಿಗೆ ಸಿರಿಂಜಿಟ್ಟರೆ ಚೀಪುತ್ತಿಲ್ಲ, ಬಿಟ್ಟ ಹಾಲು ಬಾಯಿಯ ಅಂಚಿನಿಂದ ಹಾಗೇ ಹೊರಗೆ ಇಳಿದುಹೋಗುತ್ತದೆ. ಅದರ ಪಾದಗಳನ್ನು ಮುಟ್ಟಿದರೆ ತೊಳೆದಿಟ್ಟ ಚಮಚವನ್ನು ಮುಟ್ಟಿದಂತೆ ತಣ್ಣಗಿವೆ. ಪಶುವೈದ್ಯರು ಸಿಗಲು ಇನ್ನೂ ನಾಲ್ಕು ಗಂಟೆಯಿದೆ. ಅಲ್ಲಿಯವರೆಗೆ ಸ್ವಲ್ಪವಾದರೂ ಹಾಲು ಹೊಟ್ಟೆಗೆ ಸೇರುವಂತೆ ಮಾಡುವುದು ಹೇಗೆಂದು ಬಲ್ಲವರು ದಯವಿಟ್ಟು ತಿಳಿಸಿ.

ಮೊದಲ ಉತ್ತರ

ಹಾಲು ಕುಡಿಸುವುದನ್ನು ಈಗಲೇ ನಿಲ್ಲಿಸಿ. ಮೊದಲು ಮೈ ಬೆಚ್ಚಗಾಗಬೇಕು, ಹಾಲಿನ ಮಾತು ಆಮೇಲೆ. ಹಸಿದ ಮರಿಯನ್ನು ಕಣ್ಣೆದುರಿಗಿಟ್ಟುಕೊಂಡು ಏನೂ ಕೊಡದೆ ಕೂರುವುದು ಕಷ್ಟವೆಂದು ನನಗೆ ಗೊತ್ತು, ಆದರೂ ಈ ಒಂದು ವಿಷಯದಲ್ಲಿ ಮನಸ್ಸನ್ನು ಗಟ್ಟಿ ಮಾಡಿಕೊಳ್ಳಬೇಕು. ಮರಿಯ ದೇಹದ ಉಷ್ಣತೆ ಸುಮಾರು 35 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಕರುಳಿನ ಚಲನೆ ನಿಂತುಹೋಗುತ್ತದೆ. ಆಗ ಕುಡಿಸಿದ ಹಾಲು ಜೀರ್ಣವಾಗದೆ ಹೊಟ್ಟೆಯಲ್ಲೇ ಕೆಟ್ಟು ಹೊಟ್ಟೆಯುಬ್ಬರವಾಗುತ್ತದೆ. ನುಂಗುವ ಶಕ್ತಿಯೂ ಕುಂದಿರುವುದರಿಂದ ಹಾಲು ಶ್ವಾಸನಾಳಕ್ಕೆ ಇಳಿದು ನ್ಯುಮೋನಿಯಾ ಆಗುವ ಅಪಾಯವಿದೆ. ಮರಿ ಚೀಪುತ್ತಿಲ್ಲವೆಂದರೆ ಹಾಲು ಬೇಡವೆಂದು ಅದರ ಮೈಯೇ ಹೇಳುತ್ತಿದೆ.

ಮನೆಯಲ್ಲಿ ಡಿಜಿಟಲ್ ಥರ್ಮಾಮೀಟರ್ ಇದ್ದರೆ ತುದಿಗೆ ವ್ಯಾಸಲೀನ್ ಸವರಿ, ಗುದದ್ವಾರದಲ್ಲಿ ತುದಿಯನ್ನಷ್ಟೇ ಮೃದುವಾಗಿ ಇಟ್ಟು ನೋಡಿ. ಎರಡು ಮೂರು ವಾರದ ಮರಿಗೆ 36ರಿಂದ 37.8 ಡಿಗ್ರಿಯವರೆಗೆ ಇರುವುದು ಸಹಜ. ದೊಡ್ಡ ಬೆಕ್ಕಿಗಿರುವ 38 ಡಿಗ್ರಿಗಿಂತ ಹೆಚ್ಚಿನ ಬಿಸಿ ಮರಿಗೆ ಬರುವುದು ಸುಮಾರು ನಾಲ್ಕು ವಾರ ತುಂಬಿದ ಮೇಲೆ. ಇಷ್ಟು ಎಳೆಯ ಮರಿಗೆ ತನ್ನ ಮೈಯ ಬಿಸಿಯನ್ನು ತಾನೇ ಕಾಪಾಡಿಕೊಳ್ಳಲು ಬಾರದು. ಹುಟ್ಟಿದ ಮೊದಲ ದಿನಗಳಲ್ಲಂತೂ ಚಳಿಗೆ ನಡುಗುವ ಶಕ್ತಿಯೂ ಇರುವುದಿಲ್ಲ. ತಾಯಿ ಮತ್ತು ಒಡಹುಟ್ಟಿದ ಮರಿಗಳ ಮೈಶಾಖವೇ ಅದಕ್ಕೆ ಆಧಾರ.

ಬೆಚ್ಚಗಾಗಿಸುವುದನ್ನು ನಿಧಾನವಾಗಿ, ಒಂದರಿಂದ ಮೂರು ಗಂಟೆಯ ಅವಧಿಯಲ್ಲಿ ಮಾಡಿ. ಅವಸರದಲ್ಲಿ ಹೇರ್ ಡ್ರೈಯರ್ ಹಿಡಿಯುವುದು, ಬಿಸಿನೀರಿನಲ್ಲಿ ಮುಳುಗಿಸುವುದು ಯಾವುದೂ ಬೇಡ. ಎಲ್ಲಕ್ಕಿಂತ ಸುರಕ್ಷಿತವಾದ ಶಾಖವೆಂದರೆ ನಿಮ್ಮ ಎದೆಯದೇ: ಭೇದಿಯಿಂದ ಒದ್ದೆಯಾದ ರೋಮವನ್ನು ಮೊದಲು ಒಣಬಟ್ಟೆಯಿಂದ ಒರೆಸಿ, ಮರಿಯನ್ನು ಅಂಗಿಯೊಳಗೆ ಬರಿಮೈಗೆ ಒತ್ತಿಕೊಂಡು, ಉಸಿರಾಟಕ್ಕೆ ಮೂತಿ ಹೊರಗಿರುವಂತೆ ಮೇಲೊಂದು ಶಾಲು ಹೊದ್ದು ಕುಳಿತುಕೊಳ್ಳಿ. ಜೊತೆಯಲ್ಲಿ ಒಂದು ರಟ್ಟಿನ ಪೆಟ್ಟಿಗೆಯನ್ನೂ ಅಣಿಮಾಡಿ. ಬಿಸಿನೀರು ತುಂಬಿದ ಬಾಟಲಿಗೆ ದಪ್ಪ ಟವಲ್ ಸುತ್ತಿ ಪೆಟ್ಟಿಗೆಯ ಒಂದು ಬದಿಗೆ ಮಾತ್ರ ಇಡಿ. ಸೆಕೆಯಾದರೆ ಮರಿ ತೆವಳಿಕೊಂಡು ಇನ್ನೊಂದು ಬದಿಗೆ ಹೋಗಲು ಜಾಗವಿರಬೇಕು. ನಿಮ್ಮ ಮರಿ ಸದ್ಯ ತೆವಳಲಾರದ ಸ್ಥಿತಿಯಲ್ಲಿರುವುದರಿಂದ ಹತ್ತು ನಿಮಿಷಕ್ಕೊಮ್ಮೆ ನೀವೇ ಮುಟ್ಟಿ ನೋಡಿ. ಬಾಟಲಿ ಆರಿದ ಮೇಲೆ ಅದೇ ಮರಿಯ ಶಾಖವನ್ನು ಹೀರತೊಡಗುತ್ತದೆ, ಆದ್ದರಿಂದ ನೀರು ಬದಲಿಸುವುದನ್ನು ಮರೆಯಬೇಡಿ.

ಹೊಟ್ಟೆಗೆ ಏನೂ ಇಲ್ಲದೆ ರಕ್ತದಲ್ಲಿನ ಸಕ್ಕರೆ ಕುಸಿದಿರಬಹುದು. ಬೆಚ್ಚಗಿನ ನೀರಿನಲ್ಲಿ ಸಕ್ಕರೆಯನ್ನು ಗಟ್ಟಿಯಾಗಿ ಕರಗಿಸಿ, ಬೆರಳ ತುದಿಯಿಂದ ಒಸಡಿಗೆ ಸವರಿ. ಒಂದೆರಡು ಹನಿ ಸಾಕು, ಬಾಯೊಳಗೆ ಸುರಿಯಬಾರದು.

ಎರಡನೆಯ ಉತ್ತರ

ಮೇಲಿನ ಮಾತನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬಾರದೆಂದು ನನ್ನ ಅನುಭವವನ್ನು ಬರೆಯುತ್ತಿದ್ದೇನೆ. ಕೆಲವು ವರ್ಷಗಳ ಹಿಂದೆ ನಾನೂ ಇಂಥದೇ ಮರಿಯನ್ನು ತಂದು, ಹಸಿವಿನಿಂದಲೇ ಸೋತಿದೆಯೆಂದು ಭಾವಿಸಿ, ಮಗುವನ್ನು ಮಲಗಿಸಿಕೊಳ್ಳುವಂತೆ ಅಂಗಾತ ಹಿಡಿದು ಸಿರಿಂಜಿನಿಂದ ಹಾಲು ಬಿಟ್ಟೆ. ಮೂಗಿನ ಹೊಳ್ಳೆಗಳಲ್ಲಿ ಎರಡು ಬಿಳಿಯ ಗುಳ್ಳೆಗಳು ಕಾಣಿಸಿಕೊಂಡವು. ಒರೆಸಿದೆ, ಅಷ್ಟೇ ಎಂದುಕೊಂಡೆ. ಸಂಜೆಯ ಹೊತ್ತಿಗೆ ಪ್ರತಿ ಉಸಿರಿಗೂ ಎದೆಯಲ್ಲಿ ಚಿಟಚಿಟ ಸದ್ದು ಬರತೊಡಗಿತು, ಮರುದಿನ ಮರಿ ಉಳಿಯಲಿಲ್ಲ. ಆ ಗುಳ್ಳೆಗಳು ಇವತ್ತಿಗೂ ಕಣ್ಣ ಮುಂದೆ ಬರುತ್ತವೆ.

ಬೆಕ್ಕಿನ ಮರಿ ತಾಯಿಯ ಮೊಲೆ ಕುಡಿಯುವುದು ಹೊಟ್ಟೆಯ ಮೇಲೆ ಮಲಗಿ, ತಲೆಯನ್ನು ತುಸುವೇ ಮೇಲಕ್ಕೆತ್ತಿ. ನಾವು ಕುಡಿಸುವಾಗಲೂ ಅದೇ ಭಂಗಿ ಇರಬೇಕು. ಅಂಗಾತ ಎಂದಿಗೂ ಕೂಡದು. ಒಂದು ಎಂ.ಎಲ್.ನ ಸಣ್ಣ ಸಿರಿಂಜನ್ನು ಬಾಯಿಯ ಅಂಚಿನಲ್ಲಿಟ್ಟು ಒಂದು ಹನಿ ಬಿಟ್ಟು, ಗಂಟಲು ಆಡಿದ್ದನ್ನು ನೋಡಿದ ಮೇಲಷ್ಟೇ ಇನ್ನೊಂದು ಹನಿ ಬಿಡಿ. ಕೆಮ್ಮಿದರೆ ಅಥವಾ ಮೂಗಿನಲ್ಲಿ ಹಾಲು ಬಂದರೆ ತಕ್ಷಣ ನಿಲ್ಲಿಸಿ, ತಲೆಯನ್ನು ತುಸು ಕೆಳಮುಖವಾಗಿ ಹಿಡಿದು ಒರೆಸಿ, ವೈದ್ಯರಿಗೆ ಆ ವಿಷಯವನ್ನು ತಪ್ಪದೆ ಹೇಳಿ.

ಪ್ರಶ್ನೆ ಕೇಳಿದವರು

ನಿಮ್ಮಿಬ್ಬರಿಗೂ ಕೃತಜ್ಞತೆಗಳು. ಓದಿದ ಕೂಡಲೇ ಥರ್ಮಾಮೀಟರ್ ಇಟ್ಟು ನೋಡಿದಾಗ 34.1 ಇತ್ತು. ಎದೆಗೊತ್ತಿಕೊಂಡು ಕುಳಿತು ಎರಡೂವರೆ ಗಂಟೆಯಾಯಿತು, ಈಗ 36.6 ಇದೆ. ಅರ್ಧ ಗಂಟೆಯ ಹಿಂದೆ ಒಳಗಿನಿಂದ ಉಗುರು ತಾಗಿದಂತಾಯಿತು, ಆಮೇಲೆ ಸಣ್ಣದೊಂದು ಕೂಗು ಕೇಳಿಸಿತು. ಬಾಯಿಗೆ ಕಿರುಬೆರಳಿಟ್ಟರೆ ನಾಲಿಗೆ ಸುತ್ತಿ ಎಳೆಯುತ್ತಿದೆ.

ಮನೆಯಲ್ಲಿ ಇರುವುದು ಹಸುವಿನ ಹಾಲು ಮಾತ್ರ. ಈಗ ಅದನ್ನೇ ಇನ್ನಷ್ಟು ನೀರು ಮಾಡಿ ಕೊಡಲೇ? ಬೆಳಕಿನಲ್ಲಿ ನೋಡಿದಾಗ ಇನ್ನೂ ಎರಡು ಸಂಗತಿ ಗಮನಕ್ಕೆ ಬಂದವು: ಬಲಗಣ್ಣು ಗೀಜು ಕಟ್ಟಿ ಅಂಟಿಕೊಂಡಿದೆ, ಮತ್ತು ಕುತ್ತಿಗೆಯ ರೋಮದ ನಡುವೆ ಚಿಗಟಗಳು ಓಡಾಡುತ್ತಿವೆ.

ಮೊದಲ ಉತ್ತರ ಬರೆದವರು

ಬೆರಳು ಚೀಪುತ್ತಿದೆಯೆಂದರೆ ದೊಡ್ಡ ಕಂಟಕವೊಂದು ದಾಟಿದಂತೆ. ಇನ್ನು ಹಾಲಿನ ವಿಷಯ. ಹಸುವಿನ ಹಾಲಿನಲ್ಲಿರುವ ಲ್ಯಾಕ್ಟೋಸ್ ಎಂಬ ಸಕ್ಕರೆಯ ಅಂಶ ಬೆಕ್ಕಿನ ಮರಿಗೆ ಅತಿಯಾಗುವುದರಿಂದ ಭೇದಿಯಾಗುತ್ತದೆ. ಬೆಕ್ಕಿನ ಹಾಲಿನಲ್ಲಿ ಪ್ರೋಟೀನ್ ಹಸುವಿನದಕ್ಕಿಂತ ಸುಮಾರು ಎರಡರಷ್ಟಿರುತ್ತದೆ. ಆದ್ದರಿಂದ ನೀರು ಬೆರೆಸಿದಷ್ಟೂ ಮೊದಲೇ ಕಡಿಮೆಯಿದ್ದ ಪೌಷ್ಟಿಕತೆ ಇನ್ನೂ ಕಡಿಮೆಯಾಗುತ್ತದೆ. ಮೇಕೆಯ ಹಾಲಿನಲ್ಲೂ ಲ್ಯಾಕ್ಟೋಸ್ ಹೆಚ್ಚುಕಡಿಮೆ ಅಷ್ಟೇ. ಮನುಷ್ಯರ ಕೂಸುಗಳಿಗೆ ಕೊಡುವ ಹಾಲಿನ ಪುಡಿಯಲ್ಲಿ ಲ್ಯಾಕ್ಟೋಸ್ ಇನ್ನೂ ಹೆಚ್ಚು, ಪ್ರೋಟೀನ್ ಇನ್ನೂ ಕಡಿಮೆ. ಬೆಕ್ಕಿನ ಮರಿಗಳಿಗೆಂದೇ ತಯಾರಿಸಿದ ಹಾಲಿನ ಪುಡಿ ದೊರೆಯುತ್ತದೆ. ಮನೆಯಿಂದ ಯಾರಾದರೂ ಹೋಗಿ ಅದನ್ನೇ ತರಲಿ. ವೈದ್ಯರ ಬಳಿ ಹೋಗಲು ಒಂದೂವರೆ ಗಂಟೆಯಷ್ಟೇ ಉಳಿದಿರುವುದರಿಂದ, ನನ್ನನ್ನು ಕೇಳಿದರೆ, ಒಸಡಿಗೆ ಸಕ್ಕರೆ ನೀರು ಸವರುತ್ತಾ ಬೆಚ್ಚಗಿಟ್ಟುಕೊಂಡೇ ಹೊರಡುವುದು ಲೇಸು. ಭೇದಿಯಾಗಿರುವ ಮರಿಗೆ ಮೊದಲು ಹಾಲು ಕೊಡಬೇಕೋ ಲವಣದ ದ್ರಾವಣ ಕೊಡಬೇಕೋ ಎಂಬುದನ್ನು ಅವರೇ ಹೇಳಲಿ.

ಹಾಲು ಆರಂಭಿಸಿದ ಮೇಲೆ ಒಂದು ಲೆಕ್ಕ ನೆನಪಿರಲಿ. ಇಷ್ಟು ಎಳೆಯ ಮರಿಯ ಹೊಟ್ಟೆಯಲ್ಲಿ 100 ಗ್ರಾಂ ತೂಕಕ್ಕೆ ಒಂದು ಸಲಕ್ಕೆ ಸುಮಾರು 4 ಎಂ.ಎಲ್. ಹಿಡಿಯುತ್ತದೆ, ಅಂದರೆ ನಿಮ್ಮದಕ್ಕೆ 6 ಎಂ.ಎಲ್.ಗಿಂತ ಹೆಚ್ಚು ಬೇಡ. ಸೋತ ಮರಿಯಾದ್ದರಿಂದ ಒಂದೆರಡು ಎಂ.ಎಲ್.ನಿಂದ ಶುರುಮಾಡಿ, ಎರಡು ಗಂಟೆಗೊಮ್ಮೆ, ರಾತ್ರಿಯೂ ಸೇರಿದಂತೆ ಕೊಡಿ. ಚೇತರಿಸಿಕೊಂಡರೆ ಅಂತರವನ್ನು ಮೂರು ನಾಲ್ಕು ಗಂಟೆಗೆ ಹೆಚ್ಚಿಸಬಹುದು. ಹಾಲು ತಾಯಿಬೆಕ್ಕಿನ ಮೈಯಷ್ಟೇ, ಅಂದರೆ ಸುಮಾರು 38 ಡಿಗ್ರಿ ಬೆಚ್ಚಗಿರಬೇಕು. ಪ್ರತಿ ಸಲವೂ ಬೆಚ್ಚಗಿನ ನೀರಿನಲ್ಲಿ ಅದ್ದಿ ಹಿಂಡಿದ ಹತ್ತಿಯಿಂದ ಬಾಲದ ಕೆಳಗೆ ಮೆಲ್ಲಗೆ ತೀಡಿ. ಮೂರು ವಾರದವರೆಗೆ ತಾಯಿ ನೆಕ್ಕದಿದ್ದರೆ ಮರಿಗೆ ಮೂತ್ರ ಮಾಡಲು ಬಾರದು. ಮೂತ್ರ ತಿಳಿಯಾಗಿರಬೇಕು. ಗಾಢ ಹಳದಿಯಾಗಿದ್ದರೆ, ಒಸಡು ಅಂಟಂಟಾಗಿದ್ದರೆ ಮೈಯಲ್ಲಿ ನೀರು ಕಡಿಮೆಯಾಗಿದೆ ಎಂದರ್ಥ.

ದಿನವೂ ಒಂದೇ ಹೊತ್ತಿನಲ್ಲಿ ತೂಕ ನೋಡಿ ಬರೆದಿಡಿ. ಆರೋಗ್ಯವಂತ ಮರಿ ದಿನಕ್ಕೆ 10ರಿಂದ 15 ಗ್ರಾಂ ಏರುತ್ತದೆ. ಮುದ್ದಾಗಿ ಕೂಗುವುದು, ಕಣ್ಣು ಬಿಟ್ಟು ನೋಡುವುದು ನಮ್ಮನ್ನು ಮರುಳು ಮಾಡಬಹುದು, ತೂಕ ಮಾಡುವುದಿಲ್ಲ. ಒಂದು ಇಡೀ ದಿನ ಏರಲಿಲ್ಲವೆಂದರೆ ಎಚ್ಚರವಾಗಿ. ಇಳಿಯಿತೆಂದರೆ ಆ ದಿನವೇ ವೈದ್ಯರಿಗೆ ತೋರಿಸಿ.

ಮೂರನೆಯ ಉತ್ತರ

ಚಿಗಟಗಳ ಬಗ್ಗೆ ಒಂದು ಎಚ್ಚರಿಕೆ. ನಾಯಿಗೆ ಹಚ್ಚುವ ಚಿಗಟದ ಔಷಧಿ ಮನೆಯಲ್ಲಿದ್ದರೂ ಅದನ್ನು ಮುಟ್ಟಬೇಡಿ. ಅಂಥ ಹಲವು ಔಷಧಿಗಳಲ್ಲಿರುವ ಪರ್ಮೆಥ್ರಿನ್ ಬೆಕ್ಕುಗಳಿಗೆ ವಿಷ. ಹಾಗೆಂದು ಚಿಗಟಗಳನ್ನು ಸುಮ್ಮನೆ ಬಿಡುವಂತೆಯೂ ಇಲ್ಲ. 160 ಗ್ರಾಂನ ಮರಿಯ ಮೈಯಲ್ಲಿರುವ ರಕ್ತವೇ ಕೆಲವು ಚಮಚದಷ್ಟು, ಅದನ್ನೇ ಅವು ಹೀರುತ್ತವೆ. ತುಟಿಯನ್ನು ಮೇಲೆತ್ತಿ ಒಸಡಿನ ಬಣ್ಣ ನೋಡಿ: ಗುಲಾಬಿಯಾಗಿರಬೇಕು. ಕಾಗದದಂತೆ ಬೆಳ್ಳಗಿದ್ದರೆ ರಕ್ತಹೀನತೆಯಾಗಿದೆ, ಅದು ಮನೆಯಲ್ಲಿ ಸರಿಹೋಗುವಂಥದಲ್ಲ. ಮೈ ಬೆಚ್ಚಗಿರುವಾಗ ಮಾತ್ರ ಹೇನು ಬಾಚಣಿಗೆಯಿಂದ ಕುತ್ತಿಗೆಯಿಂದ ಬಾಲದವರೆಗೆ ಬಾಚಿ, ಸಿಕ್ಕ ಚಿಗಟಗಳನ್ನು ಸೋಪು ಬೆರೆಸಿದ ನೀರಿಗೆ ಅದ್ದಿ. ಇವತ್ತಿನ ಸ್ಥಿತಿಯಲ್ಲಿ ಸ್ನಾನ ಬೇಡ.

ಅಂಟಿದ ಕಣ್ಣನ್ನು ಬೆರಳಿನಿಂದ ಬಿಡಿಸಬೇಡಿ. ಕುದಿಸಿ ಆರಿಸಿದ ಉಗುರುಬೆಚ್ಚಗಿನ ನೀರಿನಲ್ಲಿ ಹತ್ತಿಯನ್ನು ಅದ್ದಿ ಗೀಜಿನ ಮೇಲೆ ಒಂದೆರಡು ನಿಮಿಷ ಇಡಿ. ನೆನೆದ ಮೇಲೆ ಮೂಗಿನ ಕಡೆಯಿಂದ ಹೊರಗೆ ಒರೆಸಿ, ಎರಡನೆಯ ಕಣ್ಣಿಗೆ ಬೇರೆ ಹತ್ತಿಯನ್ನೇ ಬಳಸಿ. ಎಳೆಯ ಮರಿಗಳ ಕಣ್ಣು ಹೀಗಾಗಲು ಹರ್ಪಿಸ್ ವೈರಸ್ ಸಾಮಾನ್ಯ ಕಾರಣ. ಅದರೊಂದಿಗೆ ಮೂಗೂ ಕಟ್ಟಿದರೆ ಮರಿ ಹಾಲು ಬಿಡುತ್ತದೆ, ಏಕೆಂದರೆ ವಾಸನೆ ಸಿಗದೆ ಬೆಕ್ಕುಗಳು ತಿನ್ನುವುದಿಲ್ಲ. ಯಾವ ಹನಿ, ಯಾವ ಮುಲಾಮು ಎಂಬುದನ್ನು ವೈದ್ಯರೇ ನಿರ್ಧರಿಸಬೇಕು, ಮನೆಯಲ್ಲಿರುವ ಹಳೆಯ ಕಣ್ಣಿನ ಔಷಧಿ ಬೇಡ. ಜ್ವರವಿರಬಹುದೆಂದು ಪ್ಯಾರಾಸಿಟಮಾಲ್ ಕೊಡಲು ಯಾರಾದರೂ ಸಲಹೆ ಕೊಟ್ಟರೆ ದಯವಿಟ್ಟು ಕೇಳಬೇಡಿ. ಅದನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ತೀರಾ ಕಡಿಮೆ. ಮಾತ್ರೆಯ ಸಣ್ಣದೊಂದು ಚೂರೂ ಪ್ರಾಣ ತೆಗೆಯಬಲ್ಲದು.

ಮನೆಯಲ್ಲಿ ಬೇರೆ ಬೆಕ್ಕುಗಳಿದ್ದರೆ ಈ ಮರಿಯನ್ನು ಪ್ರತ್ಯೇಕ ಕೋಣೆಯಲ್ಲಿಡಿ, ಮುಟ್ಟಿದ ಮೇಲೆ ಕೈ ತೊಳೆಯಿರಿ.

ಪ್ರಶ್ನೆ ಕೇಳಿದವರು

ಮೂರು ದಿನ ಬರೆಯಲಾಗಲಿಲ್ಲ, ಕ್ಷಮಿಸಿ. ರಾತ್ರಿಯ ಹೊತ್ತು ಇಬ್ಬರೂ ಸರದಿಯಲ್ಲಿ ಎದ್ದು ಹಾಲು ಕುಡಿಸುತ್ತಿದ್ದೇವೆ.

ಅಂದು ಬೆಳಿಗ್ಗೆ ವೈದ್ಯರು ನೋಡಿ, ಮೈಯಲ್ಲಿ ನೀರು ತುಂಬಾ ಕಡಿಮೆಯಾಗಿದೆಯೆಂದು ಚರ್ಮದ ಕೆಳಗೆ ಬೆಚ್ಚಗಿನ ದ್ರವವನ್ನು ಕೊಟ್ಟರು. ಒಸಡು ಪೇಲವವಾಗಿದ್ದರೂ ಪೂರ್ತಿ ಬೆಳ್ಳಗಾಗಿರಲಿಲ್ಲ. ರಕ್ತ ಕೊಡುವ ಅಗತ್ಯ ಸದ್ಯಕ್ಕಿಲ್ಲವೆಂದರು. ಕಣ್ಣಿಗೆ ಮುಲಾಮು ಕೊಟ್ಟಿದ್ದಾರೆ. ಜಂತುಹುಳುವಿನ ಔಷಧಿಯನ್ನು ಮೂರು ವಾರ ತುಂಬಿದ ಮೇಲೆ, ಅಂದಿನ ತೂಕ ನೋಡಿಯೇ ಕೊಡುವುದಾಗಿ ಹೇಳಿದರು. ತಾಯಿಯ ಹಾಲಿನ ಮೂಲಕವೇ ಈ ಹುಳುಗಳು ಮರಿಗೆ ಬರುತ್ತವೆಂದು ನನಗೆ ಗೊತ್ತಿರಲಿಲ್ಲ. ಅಂಗಿಯೊಳಗಿಟ್ಟುಕೊಂಡೇ ತಂದದ್ದನ್ನು ನೋಡಿ, ಹಾಲು ಕುಡಿಸದೆ ತಂದದ್ದು ಒಳ್ಳೆಯದಾಯಿತು ಎಂದರು.

ಮೊದಲ ದಿನ ತೂಕ 160ರಲ್ಲೇ ನಿಂತಿತ್ತು, ನನಗೆ ಬಹಳ ಗಾಬರಿಯಾಯಿತು. ಎರಡನೆಯ ದಿನ 166, ಇಂದು ಬೆಳಿಗ್ಗೆ 177. ಭೇದಿ ನಿಂತು ಮಲ ಹಳದಿಯಾಗಿ ಮುದ್ದೆಯಾಗಿದೆ. ನಿನ್ನೆ ರಾತ್ರಿ ಹಾಲು ಕುಡಿಯುವಾಗ ಮೊದಲ ಬಾರಿಗೆ ಅದರ ಎರಡೂ ಕಿವಿಗಳು ಪ್ರತಿ ಗುಟುಕಿಗೂ ಹಿಂದಕ್ಕೂ ಮುಂದಕ್ಕೂ ಆಡಿದವು, ಮುಂಗಾಲುಗಳು ಟವಲ್ಲನ್ನು ಒತ್ತತೊಡಗಿದವು. ಒಂದು ಪ್ರಶ್ನೆ ಉಳಿದಿದೆ: ಸಿರಿಂಜಿನಲ್ಲಿ 5 ಎಂ.ಎಲ್. ಮುಗಿದ ಮೇಲೂ ಇನ್ನೂ ಬೇಕೆಂದು ಕೂಗುತ್ತದೆ. ಹೆಚ್ಚು ಕೊಡಬಹುದೇ?

ಮೊದಲ ಉತ್ತರ ಬರೆದವರು

ಒಂದೇ ಸಲಕ್ಕೆ ಹೆಚ್ಚಿಸಬೇಡಿ, ಹೊಟ್ಟೆ ಬಿಗಿದರೆ ಮತ್ತೆ ಭೇದಿಯಾಗುತ್ತದೆ. 177 ಗ್ರಾಂಗೆ 7 ಎಂ.ಎಲ್. ಮಿತಿ, ಇಂದು ಐದೂವರೆ, ನಾಳೆ ಆರು ಎಂಬಂತೆ ಏರಿಸಿ. ಕುಡಿದ ಮೇಲೆ ಹೊಟ್ಟೆ ದುಂಡಗಾಗಿರಲಿ, ಗಟ್ಟಿಯಾಗಬಾರದು. ಕೂಗು ನಿಲ್ಲದಿದ್ದರೆ ಹೆಗಲಿಗೆ ಹಾಕಿಕೊಂಡು ಬೆನ್ನು ತಟ್ಟಿ ತೇಗು ಬರಿಸಿ, ಬೆಚ್ಚಗಿನ ಬಾಟಲಿಯ ಪಕ್ಕಕ್ಕೆ ಮಲಗಿಸಿ ನೋಡಿ. ನಾಳೆಯ ತೂಕವನ್ನು ತಪ್ಪದೆ ಬರೆಯಿರಿ, ನಾನು ಕಾಯುತ್ತಿರುತ್ತೇನೆ.