ರೆಪ್ಲಿಕೇಶನ್: ನಕಲೋ, ಪ್ರತಿಯೋ? ಜತೆಗೆ ಕೋರಂ, ರಿಪೇರಿ, ಹಿಂಟ್

ಪ್ರಶ್ನೆ, ವಿಜಯಪುರದಿಂದ

ಎಲ್ಲರಿಗೂ ಶರಣು. ದತ್ತಾಂಶವನ್ನು ಹಲವು ಸರ್ವರ್‌ಗಳಲ್ಲಿ ಹಂಚಿ ಇಡುವ ಕಸಾಂಡ್ರಾ ಡೇಟಾಬೇಸನ್ನು ಎರಡು ಡೇಟಾ ಸೆಂಟರ್‌ಗಳಲ್ಲಿ ನಡೆಸುವ ಸಿಬ್ಬಂದಿಗಾಗಿ ಕನ್ನಡದಲ್ಲಿ ಕೈಪಿಡಿಯೊಂದು ತಯಾರಾಗುತ್ತಿದೆ. ಒಂದು ಸೆಂಟರ್ ಬೆಂಗಳೂರಿನಲ್ಲಿ, ಇನ್ನೊಂದು ಬೆಳಗಾವಿಯಲ್ಲಿ. ಎರಡೂ ಕಡೆ ಮೂರು ಮೂರು ನೋಡ್, ಅಂದರೆ ಡೇಟಾಬೇಸ್ ಓಡುವ ಸರ್ವರ್. ಓದುವವರು ಡಿಪ್ಲೊಮಾ ಮುಗಿಸಿ ಬಂದ ಹುಡುಗ ಹುಡುಗಿಯರು, ರಾತ್ರಿ ಪಾಳಿಯಲ್ಲಿ ಕೈಪಿಡಿ ಮುಂದಿಟ್ಟುಕೊಂಡೇ ಕೆಲಸ ಮಾಡುವವರು.

ಕರಡಿನಲ್ಲಿ ರೆಪ್ಲಿಕೇಶನ್ (ಒಂದೇ ದತ್ತಾಂಶವನ್ನು ಹಲವು ನೋಡ್‌ಗಳಲ್ಲಿ ಇಡುವುದು) ಎಂಬುದಕ್ಕೆ ಒಂದು ಪುಟದಲ್ಲಿ ನಕಲು, ಇನ್ನೊಂದರಲ್ಲಿ ಪ್ರತಿಕೃತಿ, ಮತ್ತೊಂದರಲ್ಲಿ ಪ್ರತಿರೂಪಣ ಎಂದಿದೆ. ರೆಪ್ಲಿಕೇಶನ್ ಫ್ಯಾಕ್ಟರ್‌ಗೆ (ಎಷ್ಟು ಕಡೆ ಇಡಬೇಕೆಂಬ ಸಂಖ್ಯೆ) ‘ನಕಲು ಅಪವರ್ತನ’, ಕ್ವೋರಮ್‌ಗೆ ‘ಗಣಪೂರ್ತಿ’, ಕನ್ಸಿಸ್ಟೆನ್ಸಿಗೆ ‘ಸ್ಥಿರತೆ’, ರಿಪೇರಿಗೆ ‘ದುರಸ್ತಿ’, ಹಿಂಟ್‌ಗೆ ‘ಸುಳಿವು’ ಎಂದು ಹಾಕಿದ್ದಾರೆ. ಕರಡಿನ ಮುಖ್ಯ ವಾಕ್ಯ ಹೀಗಿದೆ:

“ಬೆಂಗಳೂರಿನಲ್ಲಿ 3, ಬೆಳಗಾವಿಯಲ್ಲಿ 3 ನಕಲುಗಳಿರಲಿ; ಸ್ಥಿರತೆಯ ಮಟ್ಟ ಗಣಪೂರ್ತಿ ಇರಲಿ; ನೋಡ್ ಕೆಟ್ಟಾಗ ದುರಸ್ತಿ ಮಾಡಿ.”

ಇದನ್ನು ಹೇಗೆ ತಿದ್ದಬೇಕು? ಡೇಟಾ ಸೆಂಟರ್‌ನ ಹೆಸರನ್ನು ಸಂರಚನೆಯಲ್ಲಿ ಕನ್ನಡ ಲಿಪಿಯಲ್ಲೇ ಬರೆಯಬಹುದೆ? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ, ಬೆಳಗಾವಿಯಿಂದ

ಶರಣು. ನೀವು ಕೊಟ್ಟ ಆ ಒಂದೇ ವಾಕ್ಯದಲ್ಲಿ ಮೂರು ಅಪ್ಪಣೆಗಳಿವೆ, ಮೂರೂ ಓದುವವರ ದಾರಿ ತಪ್ಪಿಸುತ್ತವೆ. ಕೈಪಿಡಿಯ ಪದ ಸರಿಯೋ ತಪ್ಪೋ ಎಂಬುದನ್ನು ಅದನ್ನು ಓದಿದವರು ಕೀಲಿಮಣೆಯಲ್ಲಿ ಏನು ಒತ್ತುತ್ತಾರೆ ಎಂಬುದರಿಂದಲೇ ಅಳೆಯಬೇಕು. ಹಾಗೆ ಅಳೆದು ಒಂದೊಂದನ್ನೇ ನೋಡೋಣ.

ಪ್ರತಿಕೃತಿ ಎಂದರೆ ಪತ್ರಿಕೆ ಓದುವ ಯಾರಿಗಾದರೂ ಮೊದಲು ಹೊಳೆಯುವುದು ಚನ್ನಮ್ಮ ವೃತ್ತದಲ್ಲಿ ಸುಡುವ ಪ್ರತಿಕೃತಿ. ಅದನ್ನು ಬಿಡಿ. ಪ್ರತಿರೂಪಣ ತಪ್ಪಲ್ಲ, ಆದರೆ ಬಾಯಲ್ಲಿ ಆಡುವ ಮಾತಲ್ಲ. ಫೋನಿನಲ್ಲಿ ಯಾರೂ ಹಾಗೆ ಹೇಳುವುದಿಲ್ಲ. ನಿಜವಾದ ಪೈಪೋಟಿ ಇರುವುದು ನಕಲು ಮತ್ತು ಪ್ರತಿ ಎಂಬ ಎರಡರ ನಡುವೆ.

ನಕಲು ಎಂದಕೂಡಲೇ ಎಲ್ಲೋ ಒಂದು ಅಸಲು ಇದೆ ಎಂದಾಗುತ್ತದೆ. ಕಸಾಂಡ್ರಾದಲ್ಲಿ ಅಸಲು ಎಂಬುದೇ ಇಲ್ಲ. ಒಂದು ಸಾಲು ಆರು ನೋಡ್‌ಗಳಲ್ಲಿ ಇದ್ದರೆ ಆರೂ ಸರಿಸಮಾನ. ಯಾವುದಕ್ಕೆ ಬರೆದರೂ ನಡೆಯುತ್ತದೆ, ಯಾವುದರಿಂದ ಓದಿದರೂ ನಡೆಯುತ್ತದೆ. ‘ನಕಲು 3’ ಎಂದು ಓದಿದವರು ಅಸಲು ಒಂದು, ನಕಲು ಮೂರು, ಒಟ್ಟು ನಾಲ್ಕು ಎಂದು ಲೆಕ್ಕ ಹಾಕುತ್ತಾರೆ. ಫ್ಯಾಕ್ಟರ್ 3 ಎಂದರೆ ಎಲ್ಲ ಸೇರಿಯೇ ಮೂರು. ನಿಮ್ಮ ಹತ್ತಿರ 200 ಜಿಬಿ ದತ್ತಾಂಶವಿದ್ದರೆ ಬೆಂಗಳೂರಿನಲ್ಲಿ 600, ಬೆಳಗಾವಿಯಲ್ಲಿ 600, ಕೂಡಿ 1,200 ಜಿಬಿ. ಒಂದೊಂದು ಕಡೆ ಮೂರೇ ನೋಡ್ ಇರುವುದರಿಂದ ಒಂದೊಂದು ನೋಡ್‌ನಲ್ಲೂ ಪೂರ್ತಿ 200 ಜಿಬಿ ಕೂರುತ್ತದೆ. ಅದರ ಮೇಲೆ ಕಂಪ್ಯಾಕ್ಷನ್‌ಗೆ, ಅಂದರೆ ದತ್ತಾಂಶದ ಫೈಲುಗಳನ್ನು ಆಗಾಗ ಕೂಡಿಸಿ ಒಂದಾಗಿಸುವ ಕೆಲಸಕ್ಕೆ, ಡಿಸ್ಕ್ ಖಾಲಿ ಬಿಡಬೇಕು. ಸೈಜ್ ಟಿಯರ್ಡ್ ವಿಧಾನದಲ್ಲಿ ಕೆಲವೊಮ್ಮೆ ಇದ್ದಷ್ಟೇ ಜಾಗ ಮತ್ತೆ ಬೇಕಾಗುವುದರಿಂದ ಅರ್ಧ ಡಿಸ್ಕ್ ಖಾಲಿ ಇಡುವುದು ರೂಢಿ.

ಡಿಸ್ಕ್ ಲೆಕ್ಕಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಬೆಂಗಳೂರು ಸೆಂಟರ್ ಬಿದ್ದ ರಾತ್ರಿ, ಬೆಳಗಾವಿಯಲ್ಲಿರುವುದು ‘ಬರೀ ನಕಲು’ ಎಂದು ತಿಳಿದ ಹುಡುಗ ಅದನ್ನು ಅಸಲು ಮಾಡುವ ಕಮಾಂಡ್ ಯಾವುದೆಂದು ಹುಡುಕುತ್ತ ಕೂರುತ್ತಾನೆ. ಅಂಥ ಕಮಾಂಡ್ ಇಲ್ಲ, ಬೇಕಾಗಿಯೂ ಇಲ್ಲ. ಅಪ್ಲಿಕೇಶನ್ ಬೆಳಗಾವಿಯ ನೋಡ್‌ಗಳತ್ತ ತಿರುಗಿದರೆ ಬರಹ ನಡೆಯುತ್ತಲೇ ಇರುತ್ತದೆ. ಪೋಸ್ಟ್‌ಗ್ರೆಸ್ ಎಂಬ ಇನ್ನೊಂದು ಡೇಟಾಬೇಸಿನಲ್ಲಿ ಬೇರೆ ಮಾತು: ಅಲ್ಲಿ ಪ್ರೈಮರಿ, ಸ್ಟ್ಯಾಂಡ್‌ಬೈ ಎಂಬ ಭೇದ ನಿಜವಾಗಿಯೂ ಇದೆ, ಅಸಲು ನಕಲು ಎಂದರೆ ಅಷ್ಟು ತಪ್ಪಾಗದು. ಎರಡಕ್ಕೂ ಒಂದೇ ಪದಕೋಶ ಮಾಡಲು ಹೋಗಬೇಡಿ.

ಹಾಗಾಗಿ ರೆಪ್ಲಿಕಾಗೆ ‘ಪ್ರತಿ’ ಎನ್ನಿ. ಪುಸ್ತಕದ ಸಾವಿರ ಪ್ರತಿ ಅಚ್ಚಾಯಿತು ಎಂದರೆ ಅದರಲ್ಲಿ ಅಸಲು ಯಾವುದೆಂದು ಯಾರೂ ಕೇಳುವುದಿಲ್ಲ. ರೆಪ್ಲಿಕೇಶನ್ ಫ್ಯಾಕ್ಟರ್ ‘ಪ್ರತಿಸಂಖ್ಯೆ’ ಆಗಲಿ. ಅಪವರ್ತನ ಗಣಿತದ ಪದ, 12ರ ಅಪವರ್ತನ 2, 3, 4, 6 ಎನ್ನುವ ಕಡೆಯದು. ಇಲ್ಲಿ ಅದಕ್ಕೆ ಕೆಲಸವಿಲ್ಲ.

ನಮ್ಮ ಕಡೆಯ ‘ಉತಾರ’ ಎಂಬ ಮಾತನ್ನೂ ಉಳಿಸಿಕೊಳ್ಳಿ ಎನ್ನುತ್ತೇನೆ, ಆದರೆ ಸ್ನ್ಯಾಪ್‌ಶಾಟ್‌ಗೆ. ಜಮೀನಿನ ಉತಾರ ತೆಗೆಸಿದ ದಿನ ದಫ್ತರದಲ್ಲಿ ಏನಿತ್ತೋ ಅಷ್ಟೇ ಅದರಲ್ಲಿರುತ್ತದೆ. ಮರುದಿನ ಹೆಸರು ಬದಲಾದರೆ ಕೈಯಲ್ಲಿರುವ ಉತಾರ ಬದಲಾಗದು. ಕಸಾಂಡ್ರಾ ನೋಡಿಕೊಳ್ಳುವ ಕಮಾಂಡ್ ಸಾಧನವಾದ ನೋಡ್‌ಟೂಲ್‌ನ ಸ್ನ್ಯಾಪ್‌ಶಾಟ್ ಮಾಡುವುದೂ ಇದನ್ನೇ. ಪ್ರತಿಯದು ಇದಕ್ಕೆ ತದ್ವಿರುದ್ಧ: ಬೆಂಗಳೂರಿನಲ್ಲಿ ಯಾರಾದರೂ ತಪ್ಪಿ ಒಂದು ಟೇಬಲ್ ಖಾಲಿ ಮಾಡಿದರೆ ಬೆಳಗಾವಿಯದೂ ಖಾಲಿಯಾಗುತ್ತದೆ. ‘ಎರಡು ಊರಲ್ಲಿ ಪ್ರತಿ ಇದೆಯಲ್ಲ, ಬ್ಯಾಕಪ್ ಯಾಕೆ’ ಎಂಬ ಪ್ರಶ್ನೆ ಬಂದಾಗ ಪ್ರತಿ ಬೇರೆ, ಉತಾರ ಬೇರೆ ಎಂಬ ಎರಡು ಪದಗಳೇ ಉತ್ತರ ಕೊಡುತ್ತವೆ.

ಈಗ ಕ್ವೋರಮ್. ಗಣಪೂರ್ತಿ ಬೇಡವೇ ಬೇಡ, ಕೋರಂ ಎಂಬುದು ಗ್ರಾಮ ಪಂಚಾಯಿತಿವರೆಗೂ ಇಳಿದ ಕನ್ನಡವೇ ಆಗಿದೆ. ಆದರೆ ಅಲ್ಲೂ ಒಂದು ಎಚ್ಚರ ಬೇಕು. ಸಭೆಯ ಕೋರಂ ಅರ್ಧಕ್ಕಿಂತ ಬಹಳ ಕಡಿಮೆ ಇರಬಹುದು. ಸಂಸತ್ತಿನ ಸದನಕ್ಕೆ ಸಂವಿಧಾನದ 100ನೇ ವಿಧಿ ಹೇಳುವುದು ಒಟ್ಟು ಸದಸ್ಯರ ಹತ್ತನೇ ಒಂದು ಭಾಗ. ಕಸಾಂಡ್ರಾದ ಕೋರಂ ಯಾವಾಗಲೂ ಅರ್ಧಕ್ಕಿಂತ ಹೆಚ್ಚು: ಪ್ರತಿಸಂಖ್ಯೆಯನ್ನು ಎರಡರಿಂದ ಭಾಗಿಸಿ, ಅರ್ಧವಿದ್ದರೆ ಬಿಟ್ಟು, ಒಂದು ಕೂಡಿಸಬೇಕು. ಕೈಪಿಡಿಯಲ್ಲಿ ‘ಕೋರಂ, ಅಂದರೆ ಅರ್ಧಕ್ಕಿಂತ ಹೆಚ್ಚು ಪ್ರತಿಗಳ ಒಪ್ಪಿಗೆ’ ಎಂದು ಮೊದಲ ಸಲವೇ ಬಿಡಿಸಿ ಬರೆಯಿರಿ.

ಕರಡಿನ ಅತಿ ದೊಡ್ಡ ತಪ್ಪು ಬರೀ ‘ಗಣಪೂರ್ತಿ’ ಎಂದು ಬಿಟ್ಟದ್ದು. ಯಾವ ಕೋರಂ ಎಂದು ಹೇಳಲೇಬೇಕು. ಒಟ್ಟು ಪ್ರತಿ ಆರು; ಬರೀ ಕ್ವೋರಮ್ ಎಂದರೆ ಆರರಲ್ಲಿ ನಾಲ್ಕು. ಮೂರೇ ಇರುವ ಊರಿನೊಳಗೆ ನಾಲ್ಕು ಸಿಗುವುದಿಲ್ಲವಾದ್ದರಿಂದ ಒಂದೊಂದು ಬರಹವೂ ಒಂದೊಂದು ಓದೂ ಇನ್ನೊಂದು ಊರಿನ ಉತ್ತರಕ್ಕೆ ಕಾಯುತ್ತದೆ. ಬೆಂಗಳೂರು ಬೆಳಗಾವಿ ನಡುವೆ ರಸ್ತೆಯಲ್ಲಿ ಸುಮಾರು 500 ಕಿ.ಮೀ. ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಹೋಗುವುದರಿಂದ ಅಷ್ಟು ಉದ್ದದ ದಾರಿಯಲ್ಲಿ ಹೋಗಿ ಬರಲು 5 ಮಿಲಿಸೆಕೆಂಡು ಬೇಕೇ ಬೇಕು, ಸ್ವಿಚ್ಚು ರೌಟರುಗಳ ತಡ ಬೇರೆ. ಇಷ್ಟಾದರೂ ಸಹಿಸಬಹುದು, ನಡುವಿನ ಲಿಂಕ್ ಕಡಿದರೆ ಮಾತ್ರ ಎರಡೂ ಕಡೆ ಮೂರು ಮೂರೇ ಉಳಿದು, ಎರಡೂ ಊರುಗಳ ಕೆಲಸ ಒಟ್ಟಿಗೆ ನಿಲ್ಲುತ್ತದೆ. ಎರಡನೆಯ ಸೆಂಟರ್ ಕಟ್ಟಿದ ಉದ್ದೇಶವೇ ಹಾಳು.

ನಿಮಗೆ ಬೇಕಾದದ್ದು ಲೋಕಲ್ ಕ್ವೋರಮ್, ‘ಊರ ಕೋರಂ’ ಎನ್ನಬಹುದು: ತನ್ನ ಸೆಂಟರ್‌ನ ಮೂರರಲ್ಲಿ ಎರಡು. ಆಗ ಒಂದು ನೋಡ್ ಬಿದ್ದರೂ ನಡೆಯುತ್ತದೆ, ಲಿಂಕ್ ಬಿದ್ದರೂ ನಡೆಯುತ್ತದೆ. ಈಚ್ ಕ್ವೋರಮ್ ‘ಎಲ್ಲ ಊರ ಕೋರಂ’. ಎರಡೂ ಕಡೆ ಎರಡೆರಡು ಬೇಕು, ಲಿಂಕ್ ಹೋದರೆ ಬರಹ ನಿಲ್ಲುತ್ತದೆ. ಖರ್ಚು ಉಳಿಸಲು ಬೆಳಗಾವಿಯ ಪ್ರತಿಸಂಖ್ಯೆಯನ್ನು 2 ಮಾಡೋಣ ಎಂಬ ಸಲಹೆ ಯಾರಿಂದಲಾದರೂ ಬಂದರೆ ಲೆಕ್ಕ ತೋರಿಸಿ: ಎರಡರ ಕೋರಂ ಎರಡೇ, ಒಂದು ಬಿದ್ದರೂ ಆ ನೋಡ್‌ನಲ್ಲಿ ಪ್ರತಿ ಇದ್ದ ಸಾಲುಗಳಿಗೆ ಊರ ಕೋರಂ ಸಿಗದು.

ಕನ್ಸಿಸ್ಟೆನ್ಸಿ ಸ್ಥಿರತೆಯಲ್ಲ. ಸ್ಥಿರತೆ ಎಂದರೆ ಸರ್ವರ್ ಅಲುಗಾಡದೆ ನಡೆಯುವುದು ಎಂದೇ ಎಲ್ಲರೂ ತಿಳಿಯುತ್ತಾರೆ. ಇಲ್ಲಿರುವ ಮಾತು ಪ್ರತಿಗಳು ಒಂದಕ್ಕೊಂದು ತಾಳೆಯಾಗುವುದು. ನಾನಾದರೆ ‘ತಾಳೆ ಮಟ್ಟ’ ಎಂದು ಬರೆಯುತ್ತೇನೆ. ಏಕರೂಪತೆ ಎಂದರೂ ನಡೆದೀತು.

ಅದೇ ತಾಳೆ ರಿಪೇರಿಯಲ್ಲೂ ಕೆಲಸಕ್ಕೆ ಬರುತ್ತದೆ. ದುರಸ್ತಿ ಎಂದರೆ ಕೆಟ್ಟಮೇಲೆ ಮಾಡುವುದು. ಕರಡು ಹಾಗೆಯೇ ಹೇಳುತ್ತಿದೆ, ‘ಕೆಟ್ಟಾಗ ದುರಸ್ತಿ ಮಾಡಿ’ ಎಂದು. ಏನೂ ಕೆಡದಿದ್ದರೂ ನೋಡ್‌ಟೂಲ್ ರಿಪೇರಿಯನ್ನು ಕಾಲಕಾಲಕ್ಕೆ ಓಡಿಸಲೇಬೇಕು, ಯಾಕೆ ಎಂದರೆ ಕಸಾಂಡ್ರಾದಲ್ಲಿ ಅಳಿಸುವುದೂ ಒಂದು ಬರಹವೇ. ಅಳಿಸಿದ ಕಡೆ ಟೂಂಬ್‌ಸ್ಟೋನ್ ಎಂಬ ಗುರುತು ಬೀಳುತ್ತದೆ. ಇದನ್ನು ಗೋರಿಕಲ್ಲು ಎನ್ನುವುದಕ್ಕಿಂತ ‘ಅಳಿಸಿದ ಗುರುತು’ ಎಂದರೆ ಕೆಲಸ ಸಲೀಸು. ಆ ಗುರುತು ಉಳಿಯುವ ಅವಧಿ ಮೂಲ ಸಂರಚನೆಯಲ್ಲಿ 8,64,000 ಸೆಕೆಂಡು, ಅಂದರೆ 10 ದಿನ. ಆಮೇಲೆ ಕಂಪ್ಯಾಕ್ಷನ್‌ನಲ್ಲಿ ಅದನ್ನು ತೆಗೆದುಹಾಕಬಹುದು. ಬೆಳಗಾವಿಯ ಒಂದು ನೋಡ್‌ಗೆ ಆ ಗುರುತು ತಲುಪದೇ ಇದ್ದು, 10 ದಿನದೊಳಗೆ ತಾಳೆಯೂ ನೋಡದಿದ್ದರೆ, ಉಳಿದೆಲ್ಲ ಕಡೆ ಗುರುತು ಹೋದಮೇಲೆ ಅದರ ಹತ್ತಿರದ ಹಳೆಯ ಸಾಲೇ ಸತ್ಯವೆಂದು ಮತ್ತೆ ಎಲ್ಲ ಕಡೆ ಹರಡುತ್ತದೆ. ಮುಚ್ಚಿದ ಖಾತೆ ತೆರೆದು ಕೂರುತ್ತದೆ. ಆದ್ದರಿಂದ ‘ವಾರಕ್ಕೊಮ್ಮೆ ತಾಳೆ ನೋಡಿ ಸರಿಪಡಿಸಿ’ ಎಂದು ಬರೆಯಿರಿ. ಒಂದೊಂದು ನೋಡ್ ತನ್ನ ಮೊದಲ ಪಾಲಿನ ದತ್ತಾಂಶವನ್ನಷ್ಟೇ ತಾಳೆ ನೋಡುವ ಪ್ರೈಮರಿ ರೇಂಜ್ ಆಯ್ಕೆ ಬಳಸುವುದಾದರೆ ಆರೂ ನೋಡ್‌ಗಳಲ್ಲಿ, ಒಂದಾದಮೇಲೊಂದು ಓಡಿಸಬೇಕು. ಬೆಂಗಳೂರಿನ ಮೂರಕ್ಕೆ ಓಡಿಸಿ ಸಾಕೆಂದರೆ ಬೆಳಗಾವಿಯ ನೋಡ್‌ಗಳ ಪಾಲಿನ ರೇಂಜುಗಳು ತಾಳೆಯಿಲ್ಲದೆ ಉಳಿಯುತ್ತವೆ. 10 ದಿನಕ್ಕಿಂತ ಹೆಚ್ಚು ಕಾಲ ಆರಿಹೋಗಿದ್ದ ನೋಡನ್ನು ಹಾಗೇ ಎಬ್ಬಿಸಬೇಡಿ. ಅದರ ದತ್ತಾಂಶ ತೆಗೆದು ಹೊಸ ನೋಡ್‌ನಂತೆ ಸೇರಿಸಿ.

ಹಿಂಟ್ ಸುಳಿವಲ್ಲ, ಬಾಕಿ. ಒಂದು ನೋಡ್ ಸಿಗದಾಗ ಅದಕ್ಕೆ ಹೋಗಬೇಕಾದ ಬರಹವನ್ನು ಕೋಆರ್ಡಿನೇಟರ್ (ಅಪ್ಲಿಕೇಶನ್‌ನ ಕೋರಿಕೆಯನ್ನು ಕೈಗೆತ್ತಿಕೊಂಡ ನೋಡ್) ತನ್ನ ಹತ್ತಿರ ಬಾಕಿ ಇಟ್ಟುಕೊಂಡು, ನೋಡ್ ಬಂದಮೇಲೆ ತಲುಪಿಸುತ್ತದೆ. ಹೀಗೆ ಬಾಕಿ ಬರೆದಿಡುವುದು ಮೂಲ ಸಂರಚನೆಯಲ್ಲಿ 3 ತಾಸು ಮಾತ್ರ. ‘ಬಾಕಿ ಅವಧಿ 3 ತಾಸು, ಲಿಂಕ್ ಅದಕ್ಕಿಂತ ಹೆಚ್ಚು ಹೊತ್ತು ಕಡಿದಿದ್ದರೆ, ಬಂದಕೂಡಲೇ ತಾಳೆ ನೋಡಿ’ ಎಂದು ದಪ್ಪ ಅಕ್ಷರದಲ್ಲಿ ಹಾಕಿ.

ರೀಬಿಲ್ಡ್ ಎಂಬುದನ್ನು ಮರುನಿರ್ಮಾಣ ಎನ್ನಬೇಡಿ, ಇದ್ದದ್ದನ್ನು ಕೆಡವಿ ಕಟ್ಟುತ್ತದೆ ಎಂದು ಹೆದರುತ್ತಾರೆ. ಅದು ಇನ್ನೊಂದು ಸೆಂಟರ್‌ನಿಂದ ದತ್ತಾಂಶ ತಂದು ‘ತುಂಬಿಸುವುದು’. ಹೊಸ ಸೆಂಟರ್ ಸೇರಿಸುವಾಗಿನ ಕ್ರಮವನ್ನು ಕೈಪಿಡಿ ಹೀಗೆ ಹೇಳಲಿ: ಮೊದಲು ಅಪ್ಲಿಕೇಶನ್‌ಗಳೆಲ್ಲ ಬೆಂಗಳೂರನ್ನೇ ತಮ್ಮ ಊರೆಂದು ಹಿಡಿದು ಊರ ಕೋರಂ ಬಳಸುವಂತೆ ಮಾಡಿ. ಹೊಸ ನೋಡ್‌ಗಳಲ್ಲಿ ಕ್ಲಸ್ಟರ್ ಹೆಸರು ಅದೇ ಇರಲಿ, ಆಟೋ ಬೂಟ್‌ಸ್ಟ್ರ್ಯಾಪ್ (ಸೇರುವಾಗಲೇ ದತ್ತಾಂಶ ಎಳೆದುಕೊಳ್ಳುವುದು) ಫಾಲ್ಸ್ ಇರಲಿ, ಸ್ನಿಚ್ (ಯಾವ ನೋಡ್ ಯಾವ ಸೆಂಟರಿನದು ಎಂದು ತಿಳಿಸುವ ಭಾಗ) ಗಾಸಿಪಿಂಗ್ ಪ್ರಾಪರ್ಟಿ ಫೈಲ್ ಬಗೆಯದಿರಲಿ. ನೋಡ್‌ಗಳ ನಡುವೆ 7000 ಪೋರ್ಟ್, ಅಪ್ಲಿಕೇಶನ್‌ಗೆ 9042 ತೆರೆದಿರಲಿ. ನೋಡ್‌ಗಳು ಎದ್ದಮೇಲೆ ಕೀಸ್ಪೇಸನ್ನು (ಟೇಬಲ್‌ಗಳ ಗುಂಪು; ಪ್ರತಿಸಂಖ್ಯೆ ಹೇಳುವುದು ಇದರಲ್ಲೇ) ನೆಟ್‌ವರ್ಕ್ ಟೋಪಾಲಜಿ ಸ್ಟ್ರ್ಯಾಟೆಜಿಯಲ್ಲಿ ಆಲ್ಟರ್ ಮಾಡಿ ಎರಡೂ ಊರಿಗೆ 3 ಕೊಡಿ. ಲಾಗಿನ್ ವಿವರ ಇರುವ ಸಿಸ್ಟಮ್ ಆಥ್ ಕೀಸ್ಪೇಸಿಗೂ ಕೊಡಿ. ಮರೆತರೆ ಲಿಂಕ್ ಕಡಿದ ಹೊತ್ತಿಗೆ ಬೆಳಗಾವಿಯಲ್ಲಿ ಲಾಗಿನ್ನೇ ಆಗದು. ಇಷ್ಟಾದ ಬಳಿಕವೇ ಬೆಳಗಾವಿಯ ಒಂದೊಂದು ನೋಡ್‌ನಲ್ಲೂ, ಬೆಂಗಳೂರಿನ ಹೆಸರು ಕೊಟ್ಟು, ತುಂಬಿಸುವ ಕಮಾಂಡ್. ಆಲ್ಟರ್ ಮಾಡುವ ಮೊದಲೇ ತುಂಬಿಸಿದರೆ ತರಲು ಏನೂ ಇಲ್ಲದೆ ಕೆಲಸ ಬೇಗ ಮುಗಿದು, ಎಲ್ಲ ಸರಿಯಾದಂತೆ ಕಾಣುತ್ತದೆ. ತುಂಬಿಸುವುದು ಮುಗಿಯುವ ಮೊದಲೇ ಅಪ್ಲಿಕೇಶನ್ ಅಲ್ಲಿಂದ ಓದಿದರೆ ಎರರ್ ಬರುವುದಿಲ್ಲ, ಖಾಲಿ ಉತ್ತರ ಬರುತ್ತದೆ. ಗ್ರಾಹಕರಿಗೆ ಖಾತೆಯೇ ಇಲ್ಲವೆಂದು ತೋರುತ್ತದೆ.

ಹೆಸರಿನ ಪ್ರಶ್ನೆಗೆ: ಸಂರಚನೆಯಲ್ಲಿ ಸೆಂಟರ್ ಹೆಸರು ಇಂಗ್ಲಿಷ್ ಅಕ್ಷರದಲ್ಲೇ, ಸಣ್ಣಕ್ಷರದಲ್ಲೇ ಇರಲಿ. ದೊಡ್ಡಕ್ಷರ ಸಣ್ಣಕ್ಷರದ ವ್ಯತ್ಯಾಸವಾದರೂ ಅದು ಬೇರೆಯೇ ಹೆಸರು. 2014ರ ನವೆಂಬರ್ 1ರಂದು ಬೆಳಗಾಂ ಹೋಗಿ ಬೆಳಗಾವಿ ಬಂತು, ಬಿಜಾಪುರ ವಿಜಯಪುರವಾಯಿತು. ಕಾಗುಣಿತ ಈಗಲೂ ಎರಡು ಬಗೆಯಲ್ಲಿ ಓಡಾಡುತ್ತಿದೆ. ರ‍್ಯಾಕ್ ಡಿಸಿ ಫೈಲಿನಲ್ಲಿ (ನೋಡ್ ಯಾವ ಸೆಂಟರಿನದು ಎಂದು ಬರೆದಿಡುವ ಫೈಲು) ಹಳೆಯ ಕಾಗುಣಿತ, ಕೀಸ್ಪೇಸಿನಲ್ಲಿ ಹೊಸದು ಎಂದಾದರೆ ಹಳೆಯ ಆವೃತ್ತಿಗಳು ತುಟಿ ಬಿಚ್ಚದೆ ಒಪ್ಪಿಕೊಂಡು, ಬೆಳಗಾವಿಗೆ ಒಂದು ಪ್ರತಿಯನ್ನೂ ಇಡುವುದಿಲ್ಲ. 4.0ರಿಂದ ಗೊತ್ತಿಲ್ಲದ ಹೆಸರನ್ನು ತಿರಸ್ಕರಿಸುತ್ತದೆ. ದತ್ತಾಂಶ ಕೂತಮೇಲೆ ಫೈಲಿನಲ್ಲಿ ಹೆಸರು ತಿದ್ದಿದರೆ ನೋಡ್ ಏಳಲು ಒಪ್ಪದು. ನೋಡ್‌ಟೂಲ್ ಸ್ಟೇಟಸ್ ತೋರಿಸುವ ಹೆಸರನ್ನೇ ಕಾಪಿ ಮಾಡಿ ಅಂಟಿಸಿ, ಕೈಯಿಂದ ಟೈಪ್ ಮಾಡಬೇಡಿ.

ಇನ್ನೊಂದು ಮಾತು, ಬಾಗಲಕೋಟೆಯಿಂದ

ಬೆಳಗಾವಿಯವರು ಹೇಳಿದ ‘ಪ್ರತಿ’ಗೆ ನನ್ನ ಒಪ್ಪಿಗೆ ಇದೆ, ಆದರೆ ಒಂದು ತೊಡಕು ಇದೆ. ‘ಪ್ರತಿ ನೋಡ್‌ನಲ್ಲಿ ಇರಬೇಕು’ ಎಂದು ಬರೆದರೆ ಪ್ರತಿಯು ನೋಡ್‌ನಲ್ಲಿ ಇರಬೇಕೋ, ಎಲ್ಲ ನೋಡ್‌ಗಳಲ್ಲೂ ಇರಬೇಕೋ? ನಿಮ್ಮಲ್ಲಿ ಈಗ ಒಂದೊಂದು ಊರಲ್ಲೂ ಮೂರು ನೋಡ್, ಪ್ರತಿಸಂಖ್ಯೆ ಮೂರು. ಎರಡು ಅರ್ಥವೂ ಒಂದೇ ಆಗಿ ಗೊಂದಲ ಕಾಣುವುದಿಲ್ಲ. ನಾಳೆ ನೋಡ್ ಐದಾದರೆ ಅರ್ಥ ಬೇರೆಯಾಗುತ್ತದೆ. ಆದ್ದರಿಂದ ರೆಪ್ಲಿಕಾ ಅರ್ಥದಲ್ಲಿ ಬಂದಾಗಲೆಲ್ಲ ಪ್ರತ್ಯಯ ಬಿಡಬೇಡಿ: ಪ್ರತಿಯು, ಪ್ರತಿಯನ್ನು, ಪ್ರತಿಗಳು. ‘ಎವೆರಿ’ ಎಂಬ ಅರ್ಥದ ಪ್ರತಿಯನ್ನು ಇಡೀ ಕೈಪಿಡಿಯಿಂದ ತೆಗೆದು ‘ಒಂದೊಂದು ನೋಡ್‌ನಲ್ಲೂ’, ‘ದಿನಾಲೂ’, ‘ವಾರಕ್ಕೊಮ್ಮೆ’ ಎಂದು ಹಾಕಿ.

ಇನ್ನು ಗಡಿಯಾರ. ಒಂದೇ ಸಾಲಿಗೆ ಎರಡು ಊರಲ್ಲಿ ಬರೆದರೆ ಟೈಮ್‌ಸ್ಟ್ಯಾಂಪ್ ಯಾವುದು ಮುಂದಿದೆಯೋ ಅದೇ ಗೆಲ್ಲುತ್ತದೆ, ಲೆಕ್ಕ ಮೈಕ್ರೋಸೆಕೆಂಡಿನಲ್ಲಿ. ಬೆಳಗಾವಿಯ ಒಂದು ಸರ್ವರ್‌ನ ಗಡಿಯಾರ ಎರಡು ಸೆಕೆಂಡು ಮುಂದಿದ್ದರೆ, ಅದರ ಹಳೆಯ ಬರಹ ಬೆಂಗಳೂರಿನ ಹೊಸ ಬರಹವನ್ನು ಮುಚ್ಚಿಹಾಕುತ್ತದೆ, ಎರರ್ ಇಲ್ಲ, ಲಾಗಿನಲ್ಲಿ ಸಾಲೂ ಇಲ್ಲ. ಅಪ್ಲಿಕೇಶನ್ ಸರ್ವರ್‌ಗಳೂ ಸೇರಿ ಎಲ್ಲದರಲ್ಲೂ ಗಡಿಯಾರ ಸರಿಹೊಂದಿಸುವ ಕ್ರೋನಿ ಓಡುತ್ತಿರಲಿ, ಯಾಕೆಂದರೆ ಟೈಮ್‌ಸ್ಟ್ಯಾಂಪ್ ಹಾಕುವುದು ಹೆಚ್ಚಾಗಿ ಡ್ರೈವರ್, ಅಂದರೆ ಅಪ್ಲಿಕೇಶನ್‌ನೊಳಗಿಂದ ಕಸಾಂಡ್ರಾ ಜತೆ ಮಾತಾಡುವ ಲೈಬ್ರರಿ.

ಕರಡಿನ ವಾಕ್ಯವನ್ನು ಹೀಗೆ ತಿದ್ದಬಹುದು:

“ಬೆಂಗಳೂರಿನಲ್ಲಿ ಎಲ್ಲ ಸೇರಿ 3 ಪ್ರತಿಗಳು, ಬೆಳಗಾವಿಯಲ್ಲಿ ಎಲ್ಲ ಸೇರಿ 3 ಪ್ರತಿಗಳು ಇರಲಿ. ಓದಿಗೂ ಬರಹಕ್ಕೂ ತಾಳೆ ಮಟ್ಟ ಊರ ಕೋರಂ ಇರಲಿ, ಅಂದರೆ ತನ್ನ ಊರಿನ 3ರಲ್ಲಿ 2. ಏನೂ ಕೆಡದಿದ್ದರೂ ಆರು ನೋಡ್‌ಗಳಲ್ಲೂ ವಾರಕ್ಕೊಮ್ಮೆ ತಾಳೆ ನೋಡಿ ಸರಿಪಡಿಸಿ. ನೋಡ್ ಅಥವಾ ಲಿಂಕ್ 3 ತಾಸಿಗಿಂತ ಹೆಚ್ಚು ಹೊತ್ತು ನಿಂತಿದ್ದರೆ ವಾರ ಕಾಯದೆ ಕೂಡಲೇ ಮಾಡಿ.”